ಚೌಕದ ಕಹಳೆಗೆ ದನಿ ಬಂದ ಸಂಜೆ

ನಮ್ಮೂರು ಲಗೋವ ರಾಸಾದ ಚೌಕದಲ್ಲಿ ಈಗ ಆ ಕಂಬ ಇಲ್ಲ. ಕಂಬದ ತುದಿಯಲ್ಲಿ ನಾಲ್ಕು ದಿಕ್ಕಿಗೂ ಬಾಯಿ ತೆರೆದುಕೊಂಡಿದ್ದ ಧ್ವನಿವರ್ಧಕದ ತಗಡಿನ ಕಹಳೆಗಳೂ ಇಲ್ಲ. ಈಗ ಯಾರು ಸತ್ತರೂ, ಯಾರ ಆಡು ಕಳೆದರೂ, ಸುದ್ದಿ ಅವರವರ ಜೇಬಿನೊಳಗೆ ಒಂದು ಸಲ ನಡುಗಿ ಸುಮ್ಮನಾಗುತ್ತದೆ. ಆಗ ಹಾಗಿರಲಿಲ್ಲ. ಸುದ್ದಿ ಎಂದರೆ ಮೇಲಿನಿಂದ ಬೀಳಬೇಕು, ಬಿದ್ದರೆ ಊರಿಗೆಲ್ಲ ಒಟ್ಟಿಗೇ ಬೀಳಬೇಕು, ಮಳೆಯ ಹಾಗೆ. ನಮ್ಮ ಕಡೆ ಮಳೆ ಅಪರೂಪವಾದ್ದರಿಂದ ಸುದ್ದಿಗೆ ಇನ್ನಷ್ಟು ಬೆಲೆ.

ಆ ಕಹಳೆಗಳ ಹಿಂದಿದ್ದ ಗಂಟಲು ಬೆಲಾರ್ಮಿನೊನದು. ಸಣಕಲು ಆಳು. ಎದೆಯ ಗೂಡು ಆಡಿನಮರಿಯದು, ಅದರೊಳಗಿನ ದನಿ ಮಾತ್ರ ಬಿಷಪ್ಪರದು. ಸಂಜೆ ಆರಕ್ಕೆ ಸರಿಯಾಗಿ ಕಹಳೆಯಲ್ಲಿ ಆವೆ ಮರಿಯಾ ಪ್ರಾರ್ಥನೆ ಹಾಡಿಸುತ್ತಿದ್ದ. ಅದು ಮುಗಿದ ಮೇಲೆ ಕೆಮ್ಮಿ, "ಗಮನಿಸಿ, ಗಮನಿಸಿ" ಎನ್ನುತ್ತಿದ್ದ. ಆಮೇಲೆ ಸತ್ತವರು, ಹುಟ್ಟಿದವರು, ತಪ್ಪಿಸಿಕೊಂಡ ಕತ್ತೆ. ಕೊನೆಗೆ, "ಒಬ್ಬ ಅಭಿಮಾನಿಯಿಂದ, ನೀಲಿ ಕಿಟಕಿಯ ಮನೆಯ ಹುಡುಗಿಗೆ" ಎಂದು ಒಂದು ಹಾಡು. ಊರಲ್ಲಿ ನೀಲಿ ಕಿಟಕಿಯ ಮನೆಗಳು ಹಲವಿದ್ದುದರಿಂದ ಒಂದೇ ಹಾಡಿಗೆ ಹಲವು ಹುಡುಗಿಯರು ನಾಚಿಕೊಳ್ಳುತ್ತಿದ್ದರು. ಖರ್ಚು ಕಡಿಮೆ, ಲಾಭ ಜಾಸ್ತಿ.

ಒಂದು ಜನವರಿಯಲ್ಲಿ ಹಳೆಯ ಆಂಪ್ಲಿಫೈಯರ್ ಸುಟ್ಟುಹೋಯಿತು. ಕಹಳೆಗಳು ಬಾಯಿ ತೆರೆದುಕೊಂಡೇ ಮೂಕವಾದವು. ಬೆಲಾರ್ಮಿನೊನಿಗೆ ಇದು ಹೇಗೆ ತಟ್ಟಿತೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವನ ಮನೆ ಚೌಕದಲ್ಲಿ ನನ್ನ ಬ್ರೆಡ್ಡಿನಂಗಡಿಯ ಹಿಂದುಗಡೆಯೇ. ಅವನ ಮಗಳ ದೀಕ್ಷಾಸ್ನಾನಕ್ಕೆ ನಿಂತ ಜ್ಞಾನತಂದೆ ಕೂಡ ನಾನೇ. ಅದರಿಂದ ಅವನಿಗೆ ನಾನು, ನನಗೆ ಅವನು, ಕೊಂಪಾದ್ರೆ. ಹೊರಗೆ ಬರಲಾರದ ದನಿ ಮನೆಯೊಳಗೇ ಸುತ್ತತೊಡಗಿತು. ಊಟಕ್ಕೆ ಕೂತು, "ಗಮನಿಸಿ, ಗಮನಿಸಿ. ಹುರುಳಿಕಾಳಿನ ಸಾರಿಗೆ ಉಪ್ಪು ಬಿದ್ದಿರುವುದಿಲ್ಲ" ಎನ್ನುತ್ತಿದ್ದ. ಅವನ ಹೆಂಡತಿ ಕ್ರೂಜಾ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು, "ಕೊಂಪಾದ್ರೆ, ಈ ಮನುಷ್ಯಂಗೆ ಒಂದು ಕಂಬ ಹುಡುಕಿ ಕೊಡಿ. ನನ್ನ ಕಿವಿ ನಾಲ್ಕು ಬೀದಿಗೆ ಆಗೋವಷ್ಟು ದೊಡ್ಡದಲ್ಲ" ಅಂದಳು.

ಕಂಬದ ಬದಲು ಕಂಪ್ಯೂಟರ್ ಬಂತು.

ಅದು ರಾಜಧಾನಿಯಿಂದ ಬಂದದ್ದು. ಹತ್ತಿ ತೂಗುತ್ತಿದ್ದ ಹಳೆಯ ಮನೆಗೆ ಸುಣ್ಣ ಹೊಡೆದು ಅದನ್ನು ಅಲ್ಲಿ ಕೂರಿಸಿದರು. ಅದರೊಳಗಿನ ವ್ಯವಸ್ಥೆ ಯಾವ ಕಂಪನಿಗೂ ಸೇರಿದ್ದಲ್ಲವಂತೆ, ಎಲ್ಲರಿಗೂ ಸೇರಿದ್ದಂತೆ. ಅದರ ಗುರುತು ಒಂದು ಪೆಂಗ್ವಿನ್ ಹಕ್ಕಿ. ಚಳಿ ನಾಡಿನ ಹಕ್ಕಿ ನಮ್ಮ ಬಿಸಿಲಿಗೆ ಎಷ್ಟು ದಿನ ತಾಳೀತು ಎಂದು ಹಿರಿಯರು ತಲೆಯಾಡಿಸಿದರು. ಕೂರಿಸಲು ಬಂದವನು ಊರಿನ ಒಬ್ಬೊಬ್ಬರಿಗೂ ಅದರೊಳಗೆ ಒಂದೊಂದು ಹೆಸರು, ಒಂದೊಂದು ಗುಟ್ಟಿನ ಮಾತು ಮಾಡಿಕೊಟ್ಟು ಹೋದ.

ಕೌನ್ಸಿಲರ್ ವಾಲ್ದೆನೋರ್ ಆಗಲೇ ಬೆಲಾರ್ಮಿನೊನನ್ನು ಕರೆದು ಕೇಳಿದ. "ಪಾದ್ರಿಗಳು ಒಂದು ಆಂಪ್ಲಿಫೈಯರ್ ಕೊಡ್ತಾರಂತೆ. ಈ ಯಂತ್ರದಿಂದ ಕಂಬಕ್ಕೆ ದನಿ ಕೊಡಕ್ಕಾಗತ್ತಾ? ನಿನಗೆ ಇದೆಲ್ಲ ತಿಳಿಯತ್ತಾ?"

ತಿಳಿಯುವುದಿಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬೆಲಾರ್ಮಿನೊ, "ಏನ್ ಕೇಳ್ತೀರಿ ಡಾಕ್ಟರೇ. ಶಬ್ದವೂ ನಾನೂ ಒಂದೇ ತೊಟ್ಟಿಲಲ್ಲಿ ಬೆಳೆದೋರು" ಅಂದ. ವಾಲ್ದೆನೋರ್ ಮದ್ದು ಕೊಡುವ ಡಾಕ್ಟರಲ್ಲ; ಬೂಟು ಹೊಳೆಯುವವರನ್ನೆಲ್ಲ ನಮ್ಮಲ್ಲಿ ಹಾಗೇ ಕರೆಯುವುದು.

"ಸರಿ ಹಾಗಾದ್ರೆ. ಬರೋ ಶನಿವಾರ ಸಂಜೆ ಆರಕ್ಕೆ ಕಹಳೆಯಲ್ಲಿ ಆವೆ ಮರಿಯಾ ಕೇಳಬೇಕು. ಕೇಳಲಿಲ್ಲ ಅಂದ್ರೆ ಊರಿನ ಪ್ರಕಟಣೆಯನ್ನೆಲ್ಲ ನನ್ನ ಭಾವಮೈದ ಗಿಲ್ಮಾರಿಯೊನ ಕಾರಿಗೆ ಕೊಟ್ಟುಬಿಡ್ತೀನಿ. ಅವನ ಕಾರಿನ ಮೇಲೆ ಸ್ಪೀಕರಿದೆ, ಕಾರಿಗೆ ಚಕ್ರಾನೂ ಇದೆ. ನಿನ್ನ ಕಂಬ ನಿಂತಲ್ಲೇ ನಿಂತಿರತ್ತೆ."

ಗಿಲ್ಮಾರಿಯೊನ ದನಿ ಸೀಳಿದ ಬಿದಿರಿನದು. ಸತ್ತವರ ಹೆಸರನ್ನು ಅವನು ಸೋಪಿನ ಜಾಹೀರಾತಿನ ಹಾಗೆ ಓದುತ್ತಿದ್ದ. ಅವನ ಬಾಯಲ್ಲಿ ಸಾಯಲು ಊರಲ್ಲಿ ಯಾರಿಗೂ ಇಷ್ಟವಿರಲಿಲ್ಲ.

ಉದ್ಘಾಟನೆಯ ದಿನ ಆ ಯಂತ್ರದ ಮುಂದೆ ಮೊದಲು ಕೂರುವವರು ಯಾರು ಎಂಬ ಪ್ರಶ್ನೆ ಬಂತು. ವಾಲ್ದೆನೋರ್ ಅದಕ್ಕೆಂದೇ ಹೊಸ ಅಂಗಿ ತೊಟ್ಟು ಬಂದಿದ್ದ. ಆದರೆ ಅಷ್ಟರಲ್ಲಿ ದೋನಾ ಫಿಲೊಮೇನಾ ಕೋಲೂರಿಕೊಂಡು ಒಳಗೆ ಬಂದರು. ಊರಿಗೆಲ್ಲ ಅಕ್ಷರ ಕಲಿಸಿದ ಟೀಚರಮ್ಮ. ವಾಲ್ದೆನೋರನಿಗೂ, ಬೆಲಾರ್ಮಿನೊನಿಗೂ, ನನಗೂ. ಕೌನ್ಸಿಲರು ತಾನೇ ಕುರ್ಚಿ ಎಳೆದುಕೊಟ್ಟ. ಅವರು ಕೂತರು, ತಮ್ಮ ಹೆಸರು ಒತ್ತಿದರು, ಗುಟ್ಟಿನ ಮಾತು ಒತ್ತಿದರು. ನಾವೆಲ್ಲ ಚಪ್ಪಾಳೆ ತಟ್ಟಿ ಹೊರಗೆ ತೆಂಗಿನಕಾಯಿ ಕೇಕು ತಿನ್ನಲು ಹೋದೆವು. ಬಹಳ ಹೊತ್ತಿನ ಮೇಲೆ ಅವರು ಎದ್ದು ಬಾಗಿಲಲ್ಲಿ ನಿಂತಿದ್ದ ಬೆಲಾರ್ಮಿನೊನಿಗೆ, "ಇನ್ನೂ ಮುಗಿದಿಲ್ಲ. ಬಂದು ಮುಗಿಸ್ತೀನಿ. ಯಾರೂ ಮುಟ್ಟದ ಹಾಗೆ ನೋಡ್ಕೋ" ಎಂದು ಹೇಳಿ ಮನೆಗೆ ಹೋದರು. ಮರುದಿನ ಅವರ ಮೊಣಕಾಲು ಊದಿಕೊಂಡಿತು. ಬರಲಿಲ್ಲ.

ಇಲ್ಲಿ ನಮ್ಮೂರಿನ ಒಂದು ರೂಢಿಯನ್ನು ಹೇಳಬೇಕು. ಸಂಜೆ ನಾವು ಕುರ್ಚಿಗಳನ್ನು ಬೀದಿಗೆ ತಂದು ಮನೆಯ ಮುಂದೆ ಕೂರುತ್ತೇವೆ. ಯಾರಾದರೂ ಎದ್ದು ಹೋಗುವಾಗ ಕುರ್ಚಿಯ ಮೇಲೆ ಟೋಪಿ ಇಟ್ಟರೆ ಆ ಕುರ್ಚಿ ಅವರದೇ. ಅವರು ಕಂಪೀನಾ ಗ್ರಾಂಡಿ ಪಟ್ಟಣಕ್ಕೆ ಹೋಗಿ ಎರಡು ದಿನ ಬಿಟ್ಟು ಬಂದರೂ ಅವರದೇ. ಬೇರೆಯವರು ಕೂರುವುದಿಲ್ಲ. ಟೋಪಿ ಎತ್ತಿ ಪಕ್ಕಕ್ಕಿಡುವವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಬೆಲಾರ್ಮಿನೊ ಯಂತ್ರದ ಮುಂದೆ ಕೂತಾಗ ಅದು ಅವನನ್ನು ಕೇಳಿತು: ಫಿಲೊಮೇನಾ ಅವರ ಸರದಿಯನ್ನು ಮುಗಿಸಬೇಕೋ, ಅಥವಾ ಅದನ್ನು ಹಾಗೇ ಬಿಟ್ಟು ಇನ್ನೊಂದು ಹೆಸರಿನಲ್ಲಿ ಒಳಗೆ ಬರಬೇಕೋ? ಟೀಚರಮ್ಮನ ಸರದಿಯನ್ನು ಮುಗಿಸಲು ಬೆಲಾರ್ಮಿನೊ ಯಾರು? ಅವನು ಟೋಪಿಯನ್ನು ಮುಟ್ಟದೆ, ಮೆಲ್ಲಗೆ, ಪಕ್ಕದಿಂದ ನುಸುಳಿ ಒಳಗೆ ಹೋದ. ತಾನು ಮಾಡಿದ ಈ ಮರ್ಯಾದೆ ಅವನಿಗೆ ಎಷ್ಟು ಸಹಜವೆಂದರೆ ಅದನ್ನು ಆಗ ಯಾರಿಗೂ ಹೇಳಲೇ ಇಲ್ಲ.

ಸೋಮವಾರ ಪಾದ್ರಿಗಳ ಆಂಪ್ಲಿಫೈಯರ್ ಬಂತು. ಬೆಲಾರ್ಮಿನೊ ತಂತಿಗಳನ್ನು ಜೋಡಿಸಿ, ಜನರನ್ನು ಸೇರಿಸಿ, ಆವೆ ಮರಿಯಾದ ಮೇಲೆ ಒತ್ತಿದ. ಕಹಳೆಗಳು ಸುಮ್ಮನಿದ್ದವು. ಪರದೆಯ ಮೇಲೆ ಒಂದು ಸಾಲು ಬಂತು: ಧ್ವನಿ ಸಾಧನವನ್ನು ತೆರೆಯಲು ನಿಮಗೆ ಅನುಮತಿ ಇಲ್ಲ.

"ತಂತಿ" ಅಂದ ಬೆಲಾರ್ಮಿನೊ, ಶಬ್ದದ ಜೊತೆ ತೊಟ್ಟಿಲಲ್ಲಿ ಬೆಳೆದವನ ಗಾಂಭೀರ್ಯದಿಂದ.

ತಂತಿ ಬದಲಾಯಿಸಿದ. ಪಿನ್ನುಗಳನ್ನು ಕಶಾಸದಲ್ಲಿ ತೊಳೆದ. ಕಬ್ಬಿನ ಸಾರಾಯಿ ತುಕ್ಕಿಗೆ ಒಳ್ಳೆಯದು. ಬಾಟಲಿಯಲ್ಲಿ ಒಂದು ಪಾಲು ಪಿನ್ನಿಗೆ ಹೋದರೆ ಎರಡು ಪಾಲು ತಂತ್ರಜ್ಞನಿಗೆ ಹೋಯಿತು. ಆ ಧೈರ್ಯದಲ್ಲಿ ಕಂಬ ಹತ್ತಿದ. ಕೆಳಗೆ ನಿಂತವರು ಸಲಹೆ ಕೊಟ್ಟರು.

"ಕಹಳೆಯೊಳಗೆ ಕೈ ಹಾಕಿ ನೋಡೋ, ಏನಾದ್ರೂ ಕಟ್ಟಿಕೊಂಡಿರಬೇಕು."

ಕಟ್ಟಿಕೊಂಡಿತ್ತು, ಕಣಜದ ಗೂಡು. ಬೆಲಾರ್ಮಿನೊ ಹತ್ತುವುದಕ್ಕೆ ತೆಗೆದುಕೊಂಡ ಹೊತ್ತಿಗೂ ಇಳಿಯುವುದಕ್ಕೆ ತೆಗೆದುಕೊಂಡ ಹೊತ್ತಿಗೂ ಹೋಲಿಕೆಯೇ ಇರಲಿಲ್ಲ. ಮೇಲ್ದುಟಿ ಊದಿ ಎರಡು ದಿನ ಅವನ ಬಿಷಪ್ಪರ ದನಿಗೆ ತೊದಲು ಬಂತು. ಮನೆಯಲ್ಲಿ ಪ್ರಕಟಣೆಗಳು ನಿಂತವು. ಕ್ರೂಜಾ ಕಣಜಗಳ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದಳೆಂದು ಹೇಳುತ್ತಾರೆ.

ಗೂಡು ಹೋದರೂ ಶಬ್ದ ಬರಲಿಲ್ಲ. ಪರದೆಯ ಮೇಲೆ ಅದೇ ಸಾಲು. ಆಗ ಯಾರೋ, ಅನುಮತಿ ತಾನೇ, ಸಾರ್ಜೆಂಟರನ್ನು ಕೇಳಿದರಾಯಿತು ಎಂದರು. ಪೊಲೀಸು ಠಾಣೆಯಲ್ಲಿ ಸಾರ್ಜೆಂಟ್ ಅಮಾರಲ್ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ.

"ಸಂಜೆ ಆರಕ್ಕೆ ಶಬ್ದ ಮಾಡಕ್ಕೆ ನನ್ನ ಅನುಮತಿ ಬೇಡ. ರಾತ್ರಿ ಹತ್ತರ ಮೇಲಾದ್ರೆ ಬೇಕು."

"ನಮಗೆ ಗೊತ್ತು ಸಾರ್ಜೆಂಟ್ರೇ. ಯಂತ್ರಕ್ಕೆ ಗೊತ್ತಿಲ್ಲ. ನೀವೇ ಬಂದು ಒಂದ್ಮಾತು..."

ಸಾರ್ಜೆಂಟ್ ಟೋಪಿ ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು ಬಂದ. ಪರದೆಯ ಮುಂದೆ ನಿಂತು, "ನಾನು ಸಾರ್ಜೆಂಟ್ ಅಮಾರಲ್. ಅನುಮತಿ ಇದೆ" ಅಂದ. ಬೆಲಾರ್ಮಿನೊ ಒತ್ತಿದ. ಅನುಮತಿ ಇಲ್ಲ ಎಂದಿತು ಯಂತ್ರ. ಸಾರ್ಜೆಂಟ್ ಹತ್ತಿರ ಬಗ್ಗಿ, ಠಾಣೆಯಲ್ಲಿ ಕೋಳಿ ಕಳ್ಳರಿಗೆ ಬಳಸುವ ದನಿಯಲ್ಲಿ ಅದನ್ನೇ ಮತ್ತೆ ಹೇಳಿದ. ಯಂತ್ರವೂ ಅದನ್ನೇ ಮತ್ತೆ ಹೇಳಿತು.

"ಇದು ಎಲ್ಲಿಂದ ಬಂದಿದ್ದು ಅಂದೆ?"

"ರಾಜಧಾನಿಯಿಂದ."

"ಅದಕ್ಕೇ" ಎಂದು ಸಾರ್ಜೆಂಟ್ ಟೋಪಿ ತೆಗೆದು ಬೆವರು ಒರೆಸಿಕೊಂಡು ಹೋದ.

ಗುರುವಾರ ಬೆಳಿಗ್ಗೆ ಬೆಲಾರ್ಮಿನೊ ನನ್ನ ಅಂಗಡಿಗೆ ಬಂದು ಕಾಫಿಯನ್ನು ಮುಂದಿಟ್ಟುಕೊಂಡು ಕುಡಿಯದೆ ಕೂತ. "ಕೊಂಪಾದ್ರೆ, ಇವತ್ತು ಗಿಲ್ಮಾರಿಯೊ ಕಾರು ತೊಳೀತಿದ್ದ. ನನ್ನ ನೋಡಿ ನಕ್ಕ" ಅಂದ. "ದನಿ ಹೋದ್ರೆ ಹೋಗ್ಲಿ. ಆದ್ರೆ ನಾನು ಸತ್ತಾಗ ಅವನು ಓದ್ತಾನಲ್ಲ, ನನ್ನ ಹೆಸರನ್ನ." ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನನ್ನ ಅಂಗಡಿಯ ಮುಂದೆಯೇ ಊರಿನ ಸಾರ್ವಜನಿಕ ಫೋನು. ಕಂಪೀನಾ ಗ್ರಾಂಡಿಯಲ್ಲಿ ಈ ಯಂತ್ರಗಳ ಕಷ್ಟ ಕೇಳಲು ಜುಸಿಲೇಡಿ ಎಂಬ ಒಬ್ಬಳು ಇದ್ದಾಳೆಂದು ಗೊತ್ತಿತ್ತು. ಇಬ್ಬರೂ ಸೇರಿ ಅವಳಿಗೆ ಫೋನು ಮಾಡಿದೆವು. ನಮ್ಮಲ್ಲಿ ಸಾರ್ವಜನಿಕ ಫೋನು ಎಂದರೆ ನಿಜವಾಗಿಯೂ ಸಾರ್ವಜನಿಕ. ಬೆಲಾರ್ಮಿನೊ ಹಲೋ ಅನ್ನುವ ಹೊತ್ತಿಗೆ ಸುತ್ತ ಅರ್ಧ ಊರು ನೆರೆದಿತ್ತು.

"ನಿಮಗಿಂತ ಮುಂಚೆ ಒಳಗೆ ಯಾರಾದ್ರೂ ಕೂತಿದಾರಾ?" ಎಂದು ಕೇಳಿದಳಂತೆ ಅವಳು.

"ಇಲ್ಲಮ್ಮ. ಬಾಗಿಲಿಗೆ ಬೀಗ ಹಾಕಿ ಬಂದಿದೀನಿ."

"ಕೋಣೆಯಲ್ಲಲ್ಲಪ್ಪ, ಯಂತ್ರದೊಳಗೆ."

"ಯಂತ್ರದೊಳಗೆ ಯಾರೋ ಕೂತಿದಾರಂತೆ" ಎಂದು ಬೆಲಾರ್ಮಿನೊ ನಮಗೆ ತಿಳಿಸಿದ. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು.

ಯಾರೆಂದು ನೋಡಲು ಮೂರಕ್ಷರ ಒತ್ತಬೇಕಂತೆ. ಫೋನು ಚೌಕದ ಈ ಕಡೆ, ಯಂತ್ರ ಆ ಕಡೆ. ಬೆಲಾರ್ಮಿನೊ ಫೋನು ಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ. ಜನ ತಾವಾಗಿಯೇ ಸಾಲುಗಟ್ಟಿದರು, ಬೆಂಕಿ ಬಿದ್ದಾಗ ಬಿಂದಿಗೆ ದಾಟಿಸುವ ಹಾಗೆ. ಸಾಲಿನ ಕೊನೆಯಲ್ಲಿ ಬೀಗದಕೈ ಹಿಡಿದು ಕ್ರೂಜಾ ಯಂತ್ರದ ಮುಂದೆ ಕೂತಳು. ಮೊದಲನೇ ಅಕ್ಷರವೇ ತೊಡಕಾಯಿತು. ಅದು ಡಬ್ಲ್ಯೂ. ನಾವು ಕಲಿತ ಅಕ್ಷರಮಾಲೆಯಲ್ಲಿ ಅದು ಇರಲಿಲ್ಲ. ಊರಲ್ಲಿ ಆ ಅಕ್ಷರ ಇದ್ದದ್ದು ಕಟುಕ ವಾಷಿಂಗ್ಟನ್ನನ ಬೋರ್ಡಿನ ಮೇಲೆ ಮಾತ್ರ. ಅವನನ್ನೇ ಕರೆಸಿದರು. ಅವನು ರಕ್ತದ ಕೈ ಒರೆಸಿಕೊಂಡು ಬಂದು, ಕ್ರೂಜಾಳಿಗೆ, "ಇದು ನನ್ನದು" ಎಂದು ತೋರಿಸಿ ಹೆಮ್ಮೆಯಿಂದ ವಾಪಸು ಹೋದ. ಉಳಿದೆರಡು ಅಕ್ಷರ ಸಾಲಿನಲ್ಲಿ ಸಲೀಸಾಗಿ ಹೋದವು. ಉತ್ತರ ಅದೇ ಸಾಲಿನಲ್ಲಿ ಬಾಯಿಂದ ಬಾಯಿಗೆ ವಾಪಸು ಬಂತು. ಬರುತ್ತ ಬರುತ್ತ ದನಿ ತಗ್ಗಿತು. ನನ್ನ ಕಿವಿಗೆ ಬರುವಷ್ಟರಲ್ಲಿ ಪಿಸುಮಾತಾಗಿತ್ತು.

"ಒಳಗಿರೋದು ದೋನಾ ಫಿಲೊಮೇನಾ."

ಜುಸಿಲೇಡಿ ಬಿಡಿಸಿ ಹೇಳಿದಳು. "ಆ ಯಂತ್ರದಲ್ಲಿ ಶಬ್ದದ ಬಾಗಿಲಿಗೆ ಒಂದೇ ಬೀಗದಕೈ. ಮೊದಲು ಕೂತವರ ಕೈಗೆ ಹೋಗತ್ತೆ. ಅವರು ಸರದಿ ಮುಗಿಸಿ ಏಳೋವರೆಗೂ ಅವರದೇ. ಅವರ ಸರದಿ ಮುಗಿಸಿಬಿಡಿ, ನಿಮಗೆ ಶಬ್ದ ಬರತ್ತೆ."

"ದೋನಾ ಫಿಲೊಮೇನಾ ಅವರನ್ನ ಮುಗಿಸೋದಾ?" ಅಂದ ಬೆಲಾರ್ಮಿನೊ.

"ಅಥವಾ ಯಂತ್ರ ಆರಿಸಿ ಹಚ್ಚಿ. ಆದ್ರೆ ಅವರು ಏನಾದ್ರೂ ಅರ್ಧಕ್ಕೆ ಬಿಟ್ಟು ಹೋಗಿದ್ರೆ ಅದು ಹೋಯ್ತು ಅಂತ್ಲೇ."

"ಬಿಟ್ಟು ಹೋಗಿದಾರೆ. ಬಂದು ಮುಗಿಸ್ತೀನಿ, ಯಾರೂ ಮುಟ್ಟಬಾರದು ಅಂದಿದಾರೆ."

"ಹಾಗಾದ್ರೆ ಇನ್ನೊಂದು ದಾರಿ. ನಿಮ್ಮ ಹೆಸರನ್ನ ಶಬ್ದದ ಗುಂಪಿಗೆ ಸೇರಿಸ್ಬೇಕು. ಅದು ನಾನೇ ಬಂದು ಮಾಡ್ಬೇಕು. ಜೀಪು ಇರೋದು ಮಂಗಳವಾರ."

ಶನಿವಾರದ ಗಡುವಿಗೆ ಮಂಗಳವಾರದ ಜೀಪು ಏನು ಮಾಡೀತು? ಫೋನಿನ ಕಾರ್ಡೂ ಅಲ್ಲಿಗೇ ಮುಗಿಯಿತು.

ಈಗ ಹೊಸ ಪ್ರಶ್ನೆ ಎದ್ದಿತು. ಟೀಚರಮ್ಮ ಅರ್ಧಕ್ಕೆ ಬಿಟ್ಟದ್ದು ಏನು? ಬೆಲಾರ್ಮಿನೊ ಬಾಗಿಲಿನಿಂದ ನೋಡಿದ್ದನ್ನು ಹೇಳಿದ. ಗಲ್ಲಕ್ಕೆ ಕೈ ಕೊಟ್ಟು, ಹುಬ್ಬು ಗಂಟಿಕ್ಕಿ ಕೂತಿದ್ದರು. ಆಗಾಗ ಏನೋ ಒತ್ತುತ್ತಿದ್ದರು. ಮತ್ತೆ ಯೋಚನೆ. ಒಂದು ಸಲ, "ಈ ಮುದುಕ ರಾಜನನ್ನ ಎಲ್ಲಿಡೋದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

"ಚರಿತ್ರೆ" ಅಂದಳು ಅಂಚೆ ಮನೆಯ ಹೆಂಗಸು. "ಊರಿನ ಚರಿತ್ರೆ ಬರೀತಿದಾರೆ. ರಾಜರ ಕಾಲದಿಂದ ಶುರು ಮಾಡಿದಾರೆ."

ಇಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ಅದು ಪುಸ್ತಕವಾಯಿತು. ಸಂಜೆಗೆ ಆ ಪುಸ್ತಕದಲ್ಲಿ ಯಾರ್ಯಾರು ಇದ್ದಾರೆ, ಯಾರ್ಯಾರ ಬಗ್ಗೆ ಏನೇನಿದೆ ಎಂಬುದೂ ತಿಳಿದುಹೋಯಿತು. ಎಲ್ಲರ ಅಕ್ಷರವನ್ನೂ ತಿದ್ದಿದ ಹೆಂಗಸು ಎಲ್ಲರ ಬಾಳನ್ನೂ ತಿದ್ದದೆ ಬಿಟ್ಟಾರೆಯೇ? ಬೆಲಾರ್ಮಿನೊ ಯಂತ್ರದ ಹತ್ತಿರ ಹೋದರೆ ಸಾಕು, ಕಿಟಕಿಯಲ್ಲಿ ತಲೆಗಳು ಕಾಣಿಸುತ್ತಿದ್ದವು. "ಏಯ್, ಆರಿಸಿಗೀರಿಸೀಯೆ. ಅದರೊಳಗೆ ನಮ್ಮಜ್ಜ ಇದಾನೆ."

ಶುಕ್ರವಾರ ಟೀಚರಮ್ಮನ ಮನೆಗೆ ಯಾತ್ರೆ ಶುರುವಾಯಿತು. ಅವರ ತಂಗಿಯ ಮಗಳು ಆಮೇಲೆ ನಮಗೆ ಇದನ್ನೆಲ್ಲ ಹೇಳಿದಳು. ಮೊದಲು ಸಾರ್ಜೆಂಟ್ ಒಂದು ಬುಟ್ಟಿ ಉಂಬು ಹಣ್ಣು ತಂದ. ಮೊಣಕಾಲು ಹೇಗಿದೆ ಎಂದು ಕೇಳಿ, "ಟೀಚರಮ್ಮ, ಆ ಜೈಲಿಂದ ಖೈದಿ ಓಡಿಹೋದ ದಿನ ನಾನು ನಿದ್ದೆ ಮಾಡ್ತಿರ್ಲಿಲ್ಲ. ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ. ಇದು ಎಲ್ಲಾದ್ರೂ ದಾಖಲಾದ್ರೆ ಒಳ್ಳೇದು" ಎಂದು ಹೇಳಿ ಹೋದ. ಆಮೇಲೆ ವಾಲ್ದೆನೋರ್ ಬಂದ, ಬಾಳೆಲೆಯಲ್ಲಿ ಸುತ್ತಿದ ದೊಡ್ಡ ಗಿಣ್ಣಿನ ಜೊತೆ.

"ನೀರಿನ ತೊಟ್ಟಿ ಕಟ್ಟಿಸಿದ್ದು ನಮ್ಮಪ್ಪ ಅಂತ ಜನ ಹೇಳ್ತಾರೆ ಟೀಚರಮ್ಮ. ಕಟ್ಟಿಸಿದ್ದು ನಾನು. ಅಪ್ಪ ಬರೀ ನೋಡ್ತಿದ್ದ."

"ತೊಟ್ಟಿ ಸೋರತ್ತಲ್ಲೋ" ಎಂದರಂತೆ ಟೀಚರಮ್ಮ.

"ಹಾಗಾದ್ರೆ ಕಟ್ಟಿಸಿದ್ದು ಅಪ್ಪ ಅಂತ್ಲೇ ಇರ್ಲಿ."

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಕೋಳಿ ಎರಡು, ಬೆಲ್ಲದ ಅಚ್ಚು, ಒಣಮಾಂಸ, ಜೋಳದ ಕಡುಬು. ಊರಿನವರೆಲ್ಲ ಬಂದು ಮೊಣಕಾಲು ವಿಚಾರಿಸಿ ತಮ್ಮ ತಮ್ಮ ಒಳ್ಳೆಯತನ ಹೇಳಿಕೊಂಡು ಹೋಗುತ್ತಿದ್ದರೇ ಹೊರತು ಯಂತ್ರದ ಸುದ್ದಿ ಯಾರೂ ಎತ್ತಲಿಲ್ಲ. "ನಾನೇನು ಸಾಯ್ತಿದೀನಾ? ವೈದ್ಯರು ನಿನಗೇನಾದ್ರೂ ಹೇಳಿದ್ರಾ?" ಎಂದು ಅವರು ತಂಗಿಯ ಮಗಳನ್ನು ಗಟ್ಟಿಸಿ ಕೇಳಿದರಂತೆ.

ಬೆಲಾರ್ಮಿನೊ ಮಾತ್ರ ಹೋಗಲಿಲ್ಲ. ಅವರ ಬೀದಿಯ ತಿರುವಿನವರೆಗೂ ಹೋಗುತ್ತಿದ್ದ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ವಾಪಸು ಬರುತ್ತಿದ್ದ. ಐದು ಗಂಟೆಗೆ ಕ್ರೂಜಾ ಒಲೆಯ ಮೇಲಿದ್ದ ಪಾತ್ರೆ ಇಳಿಸಿ, ಏಪ್ರನ್ನಿನಲ್ಲೇ ಹೊರಟಳು. ಕೈಯಲ್ಲಿ ಕೋಳಿಯಿಲ್ಲ, ಗಿಣ್ಣಿಲ್ಲ.

"ಟೀಚರಮ್ಮ, ನೀವು ಆ ಯಂತ್ರದಲ್ಲಿ ಇನ್ನೂ ಕೂತಿದೀರಂತೆ. ನೀವು ಏಳದೆ ನನ್ನ ಗಂಡಂಗೆ ದನಿ ಬರಲ್ವಂತೆ. ಇವತ್ತು ಆರರೊಳಗೆ ಬರ್ಲಿಲ್ಲ ಅಂದ್ರೆ ಎಲ್ಲಾ ಗಿಲ್ಮಾರಿಯೊಗೆ ಹೋಗತ್ತೆ."

"ಇದನ್ನ ಅವನೇ ಬಂದು ಯಾಕೆ ಕೇಳ್ಲಿಲ್ಲ?"

"ನಿಮ್ಮನ್ನ ಏನಾದ್ರೂ ಕೇಳಕ್ಕೆ ಅವನಿಗೆ ಎರಡನೇ ಕ್ಲಾಸಿಂದ ಭಯ."

ದೋನಾ ಫಿಲೊಮೇನಾ ಕೋಲು ತೆಗೆದುಕೊಂಡರು. ಅವರು ಬೀದಿಯಲ್ಲಿ ಬರುವುದನ್ನು ಕಂಡು ಜನ ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡು, ಹತ್ತಿ ತೂಗುವ ಮನೆ ಮುಟ್ಟುವ ಹೊತ್ತಿಗೆ ಅದು ಮೆರವಣಿಗೆಯಾಗಿತ್ತು. ಒಳಗೆ ವಾಲ್ದೆನೋರ್ ಗಡಿಯಾರ ನೋಡುತ್ತ ನಿಂತಿದ್ದ. ಹೊರಗೆ ಗಿಲ್ಮಾರಿಯೊ ಕಾರಿನ ಇಂಜಿನ್ನು ಆರಿಸದೆ ಕಾಯುತ್ತಿದ್ದ. ಬೆಲಾರ್ಮಿನೊ ಕುರ್ಚಿ ಎಳೆದುಕೊಟ್ಟು ಗೋಡೆಗೆ ಅಂಟಿಕೊಂಡ.

ಟೀಚರಮ್ಮ ಗುಟ್ಟಿನ ಮಾತು ಒತ್ತಿದರು. ಪರದೆ ಎಚ್ಚರವಾಯಿತು. ಹಸಿರು ಮೇಜು. ಅದರ ಮೇಲೆ ಸಾಲಾಗಿ ಹಾಸಿದ ಇಸ್ಪೀಟೆಲೆಗಳು.

ವಾಲ್ದೆನೋರ್ ಪರದೆಯ ಹತ್ತಿರ ಬಗ್ಗಿ, "ಇದು... ಮುಖಪುಟವಾ ಟೀಚರಮ್ಮ?" ಅಂದ.

"ಇದು ಒಬ್ಬರೇ ಆಡೋ ಆಟ. ಒಂದು ರಾಜ ಸಿಕ್ಕಿ ಹಾಕ್ಕೊಂಡಿದಾನೆ. ಹಾಸಿಗೆಯಲ್ಲಿ ಮಲಗಿ ಇಷ್ಟು ದಿನ ಅದನ್ನೇ ಯೋಚಿಸ್ತಿದ್ದೆ."

ಸಾರ್ಜೆಂಟ್ ತನ್ನ ಉಂಬು ಹಣ್ಣನ್ನು ನೆನೆಸಿಕೊಂಡ ಹಾಗೆ ಕಂಡಿತು. ಆದರೆ ಅಷ್ಟರಲ್ಲಿ ಅವರು ಆಟಕ್ಕೆ ಇಳಿದಿದ್ದರು, ಮತ್ತು ಆಟಕ್ಕಿಳಿದವರ ಹಿಂದೆ ನಿಂತು ಸುಮ್ಮನಿರುವ ಶಕ್ತಿ ನಮ್ಮೂರಿನವರಿಗೆ ದೇವರು ಕೊಟ್ಟಿಲ್ಲ.

"ಆಟೀನ್ ಹತ್ತನ್ನ ಕಳಾವರ್ ಗುಲಾಮನ ಕೆಳಗೆ ಹಾಕಿ" ಎಂದು ಪಿಸುಗುಟ್ಟಿದ ವಾಲ್ದೆನೋರ್.

"ವಾಲ್ದೆನೋರ್, ಹಿಂದಿನ ಬೆಂಚಿಂದ ಉತ್ತರ ಹೇಳಿಕೊಡೋದನ್ನ ನೀನು ಇನ್ನೂ ಬಿಟ್ಟಿಲ್ಲ."

ಕೌನ್ಸಿಲರು ಕೈ ಕಟ್ಟಿಕೊಂಡ. ಆರಕ್ಕೆ ಸ್ವಲ್ಪವೇ ಹೊತ್ತಿತ್ತು. ಬೆಲಾರ್ಮಿನೊ ಗೋಡೆಯ ಸುಣ್ಣದ ಬಣ್ಣಕ್ಕೇ ತಿರುಗಿದ್ದ. ಕ್ರೂಜಾ ಅವನ ಪಕ್ಕೆಗೆ ತಿವಿದಳು. ಅವನು ಬಾಯಿ ತೆರೆದ, ಬಿಷಪ್ಪರ ದನಿ ಬರಲಿಲ್ಲ, ಎರಡನೇ ಕ್ಲಾಸಿನ ದನಿ ಬಂತು.

"ಟೀಚರಮ್ಮ... ಆಟ ಬಿಟ್ಟು... ಸ್ವಲ್ಪ ಎದ್ದರೆ..."

"ಮುಗೀದೆ ಹೇಗೋ ಏಳೋದು?"

ಇಗರ್ಜಿಯ ಗಂಟೆ ಆರರ ಮೊದಲ ಪೆಟ್ಟು ಹೊಡೆಯಿತು. ವಾಲ್ದೆನೋರ್ 'ಆಯಿತು' ಎನ್ನುವಂತೆ ಕೈ ಚೆಲ್ಲಿ ಬಾಗಿಲ ಕಡೆ ತಿರುಗಿದ. ಹೊರಗೆ ಗಿಲ್ಮಾರಿಯೊ ಗಂಟಲು ಪರೀಕ್ಷಿಸಿಕೊಳ್ಳುವುದು ಕೇಳಿಸಿತು.

"ಬೆಲಾರ್ಮಿನೊ" ಎಂದರು ದೋನಾ ಫಿಲೊಮೇನಾ ಪರದೆಯಿಂದ ಕಣ್ಣು ತೆಗೆಯದೆ. "ನಿನಗೆ ಬೇಕಾಗಿರೋದು ಕುರ್ಚಿಯೋ ಶಬ್ದವೋ?"

"ಶಬ್ದ ಟೀಚರಮ್ಮ."

"ಶಬ್ದದ ಬೀಗದಕೈ ನನ್ನ ಹತ್ರ ಇದೆ ಅಂತಾರೆ. ಹಾಗಿದ್ರೆ ನಾನ್ಯಾಕೆ ಏಳ್ಬೇಕು? ಆ ಪ್ರಾರ್ಥನೆ ಎಲ್ಲಿಟ್ಟಿದೀಯ, ತೋರ್ಸು. ನನ್ನ ಹೆಸರಲ್ಲೇ ಹಾಡ್ಲಿ."

ಒಂದು ವಾರ ಇಡೀ ಊರು, ಒಬ್ಬ ಕೌನ್ಸಿಲರು, ಒಬ್ಬ ಸಾರ್ಜೆಂಟು ಸೇರಿ ಯೋಚಿಸಿದರೂ ಇದು ಯಾರ ತಲೆಗೂ ಹೊಳೆದಿರಲಿಲ್ಲ. ಅವರನ್ನು ಏಳಿಸುವುದು ಹೇಗೆ ಎಂದೇ ಎಲ್ಲರೂ ಯೋಚಿಸಿದ್ದರು. ಬೆಲಾರ್ಮಿನೊ ಪರದೆಯ ಮೂಲೆ ತೋರಿಸಿದ. ಅವರು ಒತ್ತಿದರು.

ಕಹಳೆಗಳಲ್ಲಿ ಮೊದಲು ಒಂದು ಉಸಿರು ಕೇಳಿತು. ಆಮೇಲೆ ಆವೆ ಮರಿಯಾ.

ಆ ಸಂಜೆಯನ್ನು ನಾನು ಮರೆತಿಲ್ಲ. ಗಂಡಸರು ಟೋಪಿ ತೆಗೆದರು. ಬೀದಿಯಲ್ಲಿ ನೀರು ಹೊತ್ತು ಬರುತ್ತಿದ್ದ ಕತ್ತೆಯನ್ನು ಅದರ ಒಡೆಯ ನಿಲ್ಲಿಸಿದ. ಬಾಗಿಲು ಬಾಗಿಲುಗಳಿಂದ ಹೆಂಗಸರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಅಷ್ಟು ತಿಂಗಳು ಮುಖ ಎತ್ತಿ ನೋಡದಿದ್ದ ಆ ಕಂಬವನ್ನು ನೋಡಿದರು. ಗಿಲ್ಮಾರಿಯೊ ಕೂಡ ಇಂಜಿನ್ನು ಆರಿಸಿ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. ಬಿಸಿಲು ಇಳಿದು, ದೂಳಿನ ಮೇಲೆ ಕೆಂಪು ಬೆಳಕು ಇತ್ತು. ಒಲೆಗಳಿಂದ ಕಾಫಿಯ ವಾಸನೆ ಬರುತ್ತಿತ್ತು. ಇಡೀ ಊರಿಗೆ ಒಂದೇ ಹೊತ್ತಿನಲ್ಲಿ ಒಂದೇ ಸಂಗತಿ ನಡೆಯುವುದು ಎಂದರೆ ಏನು ಎಂಬುದು ಆಮೇಲೆ ಹುಟ್ಟಿದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಪ್ರಾರ್ಥನೆಯ ನಡುವೆ, ಮರಿಯಾ ತಾಯಿಯ ಹೆಸರು ಬರುವಲ್ಲಿ, ಆಕಾಶದಿಂದ 'ಟಪ್' ಎಂದು ಒಂದು ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು, 'ಟಪ್'. ಪಾದ್ರಿಗಳು ಇಗರ್ಜಿಯ ಮೆಟ್ಟಿಲಿನಿಂದ ಮೇಲೆ ನೋಡಿದರು. ಬೀಗದಕೈ ಟೀಚರಮ್ಮನದಾದ ಮೇಲೆ ಅವರ ಎಲೆಗಳ ಸದ್ದಿಗೂ ಅನುಮತಿ ಇತ್ತಲ್ಲ. ಅವರು ಎಲೆ ಎತ್ತಿ ಹಾಕಿದ್ದೆಲ್ಲ ನಾಲ್ಕು ದಿಕ್ಕಿಗೆ ಕೇಳಿತು.

ಬೆಲಾರ್ಮಿನೊ ಅವರ ಭುಜದ ಪಕ್ಕದಿಂದ ಮೈಕಿಗೆ ಬಗ್ಗಿ ಕೆಮ್ಮಿದ. "ಗಮನಿಸಿ, ಗಮನಿಸಿ" ಅಂದ. ಅಲ್ಲಿಗೆ ದನಿ ನಿಂತಿತು. ಪ್ರಕಟಿಸುವುದಕ್ಕೆ ಅವನ ಬಳಿ ಏನೂ ಇರಲಿಲ್ಲ. ಅಷ್ಟು ತಿಂಗಳಲ್ಲಿ ಜನ ಅವನಿಗೆ ಸುದ್ದಿ ತಂದುಕೊಡುವುದನ್ನೇ ಬಿಟ್ಟಿದ್ದರು. ಕಿಟಕಿಯಿಂದ ಯಾರೋ ಕೂಗಿದರು, "ನನ್ನ ಕಪ್ಪು ಆಡು ಕಾಣ್ತಿಲ್ಲ ಅನ್ನಪ್ಪ." ಅವನು ಅಂದ. ಆಡು ಕಳೆದದ್ದು ಅಷ್ಟು ಘನವಾಗಿ ಕೇಳಿದ್ದು ಆ ದಿನವೇ. ಒಡೆಯನ ಕಣ್ಣಲ್ಲಿ ನೀರು ಬಂತು. ಆಡು ಅವನ ಹಿಂದೆಯೇ ನಿಂತಿತ್ತೆಂದು ಆಮೇಲೆ ಗೊತ್ತಾಯಿತು.

ಮುಂದೆ ದಿನಾ ಸಂಜೆ ಟೀಚರಮ್ಮ ಬಂದು ಕೂರುತ್ತಿದ್ದರು, ಬೆಲಾರ್ಮಿನೊ ಅವರ ಪಕ್ಕದಲ್ಲಿ ನಿಂತು ಓದುತ್ತಿದ್ದ. ವಾಲ್ದೆನೋರನಿಗೆ ಭಾವಮೈದನ ಆಸೆ ಇನ್ನೂ ಇತ್ತು. ಸೋಮವಾರ ಬೆಲಾರ್ಮಿನೊನನ್ನು ಬದಿಗೆ ಕರೆದು, ದಿನ ಬಿಟ್ಟು ದಿನ ಕಾರಿಗೆ ಕೊಡೋಣವೇ ಎಂದು ಕೇಳಿದ.

"ನನ್ನದೇನಿದೆ ಡಾಕ್ಟರೇ. ಶಬ್ದ ಇರೋದು ಟೀಚರಮ್ಮನ ಹೆಸರಲ್ಲಿ. ಅವರಿಗೆ ನೀವೇ ಹೇಳಿ, ಏಳಿ ಅಂತ."

ಆ ಮಾತು ಮತ್ತೆ ಬರಲಿಲ್ಲ.

ಮಂಗಳವಾರ ಜೀಪು ಬಂತು. ಜುಸಿಲೇಡಿ ಇಳಿದು, ಒಂದು ಲೋಟ ಕಬ್ಬಿನ ಹಾಲು ಕುಡಿದು, ಅದನ್ನು ಕುಡಿಯುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬೆಲಾರ್ಮಿನೊನ ಹೆಸರನ್ನು ಶಬ್ದದ ಗುಂಪಿಗೆ ಸೇರಿಸಿದಳು. ಆ ರಾತ್ರಿ ಅವಳು ಊರಲ್ಲೇ ಉಳಿದಳು. ಆರಕ್ಕೆ ಆವೆ ಮರಿಯಾ ತಿಳಿನೀರಿನ ಹಾಗೆ ಬಂತು. ಎಲೆಯ ಸದ್ದಿಲ್ಲ. ಅದು ಮುಗಿಯುವ ಮುಂಚೆಯೇ ಜನ ಹತ್ತಿ ತೂಗುವ ಮನೆಯ ಬಾಗಿಲಿಗೆ ಬಂದಿದ್ದರು. ಟೀಚರಮ್ಮನಿಗೆ ಏನಾಯಿತು? ಮೊಣಕಾಲು ಮತ್ತೆ ಕೈ ಕೊಟ್ಟಿತೇ? ಸಾರ್ಜೆಂಟಂತೂ ಟೋಪಿ ಇಲ್ಲದೆ ಓಡಿ ಬಂದಿದ್ದ. ಒಳಗೆ ದೋನಾ ಫಿಲೊಮೇನಾ ಮಾಡಲು ಕೆಲಸವಿಲ್ಲದೆ ಬೆಂಚಿನ ಮೇಲೆ ಕೂತು ಕೋಲಿನ ತುದಿ ನೋಡುತ್ತಿದ್ದರು.

ಬೆಳಿಗ್ಗೆ ಜೀಪು ಹೊರಡುವ ಮುಂಚೆ ಬೆಲಾರ್ಮಿನೊ ಜುಸಿಲೇಡಿಯ ಮುಂದೆ ಟೋಪಿ ಹಿಂಡುತ್ತ ನಿಂತ.

"ಅಮ್ಮ, ನನ್ನ ಹೆಸರನ್ನ ಆ ಗುಂಪಿಂದ ತೆಗೆದುಬಿಡಿ."

"ಸರಿ ಮಾಡಿದ್ದನ್ನ ಕೆಡಿಸಿ ಅಂತೀರಾ?"

"ಕೆಡಿಸ್ಬೇಡಿ. ಮೊದಲಿದ್ದ ಹಾಗೆ ಮಾಡಿ ಅಷ್ಟೆ."

ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ತೆಗೆದುಬಿಟ್ಟಳು. ಅದೇ ಸಂಜೆ ಬೆಲಾರ್ಮಿನೊ ತಗಡಿನ ಕೆಲಸದ ಮುದುಕ ಹೊನೊರಾಟೊನ ಸಾವನ್ನು ಓದುತ್ತಿದ್ದ. ಬಹಳ ಬಡವ, ಬಹಳ ಸುಮ್ಮನಿದ್ದ ಮನುಷ್ಯ. "ಇಂದು ಬೆಳಿಗ್ಗೆ ನಮ್ಮನ್ನಗಲಿದ" ಎನ್ನುವಷ್ಟರಲ್ಲಿ ಟೀಚರಮ್ಮನ ಕೊನೆಯ ಎಲೆ ಕೂತಿತು. ಯಂತ್ರ ಗೆದ್ದವರಿಗೆ ನುಡಿಸುವ ತುತ್ತೂರಿಯನ್ನು ನಾಲ್ಕು ಕಹಳೆಗಳಲ್ಲಿ ಪೂರ್ತಿ ನುಡಿಸಿತು. ಎಲ್ಲರ ಕಣ್ಣೂ ಮನೆಯ ಮುಂದೆ ಕಪ್ಪು ಶಾಲು ಹೊದ್ದು ಕೂತಿದ್ದ ಹೊನೊರಾಟೊನ ಹೆಂಡತಿಯ ಕಡೆ.

ಮುದುಕಿ ತುತ್ತೂರಿ ಮುಗಿಯುವವರೆಗೂ ಕೇಳಿದಳು.

"ನೋಡ್ರಿ" ಅಂದಳು ಪಕ್ಕದವಳಿಗೆ. "ನಮ್ಮನೆಯೋರಿಗೆ ಇಷ್ಟು ಮರ್ಯಾದೆ ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ."